ಘಟ್ಟ ಇಳಿಯುವ ರಾಷ್ಟ್ರೀಯ ಹೆದ್ದಾರಿಗಳು: ಸಾಗರ, ಹೊಸನಗರ, ತೀರ್ಥಹಳ್ಳಿ

ಶಿವಮೊಗ್ಗ ಜಿಲ್ಲೆಯ ಪಶ್ಚಿಮ ಅಂಚಿನ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮೂಲಕ ಐದು ರಾಷ್ಟ್ರೀಯ ಹೆದ್ದಾರಿಗಳು ಹಾದುಹೋಗುತ್ತವೆ: 69, 169, 169ಎ, 369ಇ ಮತ್ತು 766ಸಿ. ಕರ್ನಾಟಕದಲ್ಲಿರುವ ಸುಮಾರು 8,000 ಕಿ.ಮೀ. ರಾಷ್ಟ್ರೀಯ ಹೆದ್ದಾರಿಯಲ್ಲಿ ಉದ್ದದ ಲೆಕ್ಕಕ್ಕೆ ಇವುಗಳ ಪಾಲು ಚಿಕ್ಕದು. ಆದರೆ ಜಾಲದಲ್ಲಿ ಇವುಗಳ ಸ್ಥಾನ ದೊಡ್ಡದು. ರಾಜ್ಯದ ಒಳನಾಡಿನಿಂದ ಪಶ್ಚಿಮ ಘಟ್ಟ ಇಳಿದು ಕರಾವಳಿ ಸೇರುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ, ಗೋವೆಯ ಕಡೆಗೆ ಹೋಗುವ ದಾರಿಯನ್ನು ಬಿಟ್ಟರೆ, ಮುಖ್ಯವಾದವು ಒಂಬತ್ತು. ಉತ್ತರದಿಂದ ದಕ್ಷಿಣಕ್ಕೆ ಹೇಳುವುದಾದರೆ ಅರಬೈಲು ಘಟ್ಟದಲ್ಲಿ 52, ದೇವಿಮನೆಯಲ್ಲಿ 766ಇ, ಗೇರುಸೊಪ್ಪೆಯಲ್ಲಿ 69, ಕೊಲ್ಲೂರಿನಲ್ಲಿ 766ಸಿ, ಆಗುಂಬೆಯಲ್ಲಿ 169ಎ, ಮಾಳದಲ್ಲಿ 169, ಚಾರ್ಮಾಡಿಯಲ್ಲಿ 73, ಶಿರಾಡಿಯಲ್ಲಿ 75, ಸಂಪಾಜೆಯಲ್ಲಿ 275. ಈ ಒಂಬತ್ತರಲ್ಲಿ ನಡುವಿನ ನಾಲ್ಕು ಈ ಮೂರು ತಾಲ್ಲೂಕುಗಳನ್ನು ಹಾಯ್ದೇ ಕೆಳಗಿಳಿಯುತ್ತವೆ. ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿಗಳು ಕುಸಿದಾಗ ಇಡೀ ರಾಜ್ಯ ಸುದ್ದಿ ಓದುತ್ತದೆ. ಮಲೆನಾಡಿನ ಈ ನಾಲ್ಕು ಇಳಿಜಾರುಗಳ ಕಷ್ಟ ಜಿಲ್ಲೆಯ ಪುಟ ದಾಟುವುದು ಕಡಿಮೆ.

ಸಂಖ್ಯೆಗಳ ಹಿಂದಿನ ಕ್ರಮ

ಯಾವ ರಸ್ತೆ ರಾಷ್ಟ್ರೀಯ ಹೆದ್ದಾರಿ ಎಂಬುದನ್ನು 1956ರ ರಾಷ್ಟ್ರೀಯ ಹೆದ್ದಾರಿಗಳ ಅಧಿನಿಯಮದಡಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ತೀರ್ಮಾನಿಸುತ್ತದೆ. ಘೋಷಣೆಯಾದ ಮೇಲೆ ರಸ್ತೆಯ ನಿರ್ಮಾಣಕ್ಕೂ ದುರಸ್ತಿಗೂ ಹಣ ಕೇಂದ್ರದಿಂದ ಬರುತ್ತದೆ. ಕೆಲಸವನ್ನೆಲ್ಲ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವೇ ಮಾಡುತ್ತದೆ ಎಂಬ ತಿಳಿವಳಿಕೆ ಸಾಮಾನ್ಯ, ಅದು ಪೂರ್ತಿ ಸರಿಯಲ್ಲ. ಮಲೆನಾಡಿನ ಒಳಗಿನ ಹೆದ್ದಾರಿಗಳ ಬಹುಪಾಲು ಕೆಲಸ ನಡೆಯುವುದು ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಕೈಯಲ್ಲಿ. ತುಮಕೂರು–ಶಿವಮೊಗ್ಗದಂಥ ಚತುಷ್ಪಥ ಯೋಜನೆಗಳನ್ನು ಪ್ರಾಧಿಕಾರ ವಹಿಸಿಕೊಂಡಿದೆ.

ಈಗಿನ ಸಂಖ್ಯೆಗಳು ಬಂದದ್ದು 2010ರಲ್ಲಿ. ಅದಕ್ಕೆ ಮುಂಚೆ ಹೆದ್ದಾರಿಗಳ ಸಂಖ್ಯೆಗೂ ಅವು ಸಾಗುವ ದಿಕ್ಕಿಗೂ ಸಂಬಂಧವಿರಲಿಲ್ಲ. ಹೊಸ ಕ್ರಮದಲ್ಲಿ ಉತ್ತರ–ದಕ್ಷಿಣವಾಗಿ ಸಾಗುವವಕ್ಕೆ ಸಮಸಂಖ್ಯೆ, ಪೂರ್ವ–ಪಶ್ಚಿಮವಾಗಿ ಸಾಗುವವಕ್ಕೆ ಬೆಸಸಂಖ್ಯೆ. ಸಮಸಂಖ್ಯೆಗಳು ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಏರುತ್ತವೆ. ಹೀಗಾಗಿ ಬಾಗೇಪಲ್ಲಿಯ ಕಡೆಯಿಂದ ಬೆಂಗಳೂರಿಗೆ ಬರುವುದು 44, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗಗಳ ಮೇಲೆ ಬರುವುದು 48, ಮಾಜಾಳಿಯಿಂದ ತಲಪಾಡಿಯವರೆಗೆ ಕಡಲ ಬದಿ ಹಿಡಿದು ಹೋಗುವುದು 66. ಬೆಸಸಂಖ್ಯೆಗಳು ಉತ್ತರದಿಂದ ದಕ್ಷಿಣಕ್ಕೆ ಏರುತ್ತವೆ. ಹುಬ್ಬಳ್ಳಿ–ಗದಗ–ಬಳ್ಳಾರಿ ದಾರಿ 67, ಹೊನ್ನಾವರ–ಸಾಗರ–ಶಿವಮೊಗ್ಗ 69, ಮಂಗಳೂರು–ಚಾರ್ಮಾಡಿ–ತುಮಕೂರು 73, ಮಂಗಳೂರು–ಶಿರಾಡಿ–ಬೆಂಗಳೂರು 75.

ಮೂರು ಅಂಕಿಯ ಸಂಖ್ಯೆಗಳು ಕವಲು ಹೆದ್ದಾರಿಗಳದ್ದು. ಕೊನೆಯ ಎರಡು ಅಂಕಿ ಮೂಲ ಹೆದ್ದಾರಿಯನ್ನು ಸೂಚಿಸುತ್ತವೆ, ಮೊದಲಿನ ಅಂಕಿ ಕವಲನ್ನು. 169 ಮತ್ತು 369 ಎಂದರೆ 69ರ ಕವಲುಗಳು, 766 ಎಂದರೆ 66ರ ಕವಲು. ಮುಂದೆ ಬರುವ ಎ, ಸಿ, ಇ ಅಕ್ಷರಗಳು ಆ ಸರಣಿಗೆ ಆಮೇಲೆ ಸೇರಿದ ರಸ್ತೆಗಳವು. ಈ ಕ್ರಮ ತಿಳಿದರೆ ನಕ್ಷೆಯಿಲ್ಲದೆಯೂ ಒಂದಷ್ಟು ಅರ್ಥವಾಗುತ್ತದೆ. ತೀರ್ಥಹಳ್ಳಿಯ ರಸ್ತೆಗಳು ಸಾಗರದ ಹೆದ್ದಾರಿಯ ಬಳಗಕ್ಕೆ ಸೇರಿದವು, ಹೊಸನಗರದ್ದು ಬೈಂದೂರಿನ ಕರಾವಳಿ ಹೆದ್ದಾರಿಯ ಬಳಗಕ್ಕೆ.

ಜನರ ಬಾಯಲ್ಲಿ ಮಾತ್ರ ಹಳೆಯ ಸಂಖ್ಯೆ ಇನ್ನೂ ಉಳಿದಿದೆ. ಈಗಿನ 69ರ ಮಲೆನಾಡಿನ ಭಾಗ ಹಿಂದೆ 206 ಆಗಿತ್ತು. ತುಮಕೂರಿನಿಂದ ಹೊರಟು ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರಗಳ ಮೇಲೆ ಹೊನ್ನಾವರ ಮುಟ್ಟುತ್ತಿದ್ದ ರಸ್ತೆ ಅದು. ಪತ್ರಿಕೆಗಳಲ್ಲಿಯೂ ಕಾಮಗಾರಿಯ ಕಡತಗಳಲ್ಲಿಯೂ 206 ಎಂಬ ಉಲ್ಲೇಖ ಇವತ್ತಿಗೂ ಸಿಗುತ್ತದೆ. ಅದಕ್ಕಿಂತ ಹಳೆಯ ಹೆಸರು ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರು, ಭದ್ರಾವತಿ, ಶಿವಮೊಗ್ಗ, ಸಾಗರಗಳಲ್ಲಿ ಅಂಗಡಿ ಫಲಕಗಳ ಮೇಲೆ, ಮದುವೆ ಕಾಗದಗಳ ಮೇಲೆ, ಬ್ಯಾಂಕಿನ ವಿಳಾಸಗಳಲ್ಲಿ ಇರುವುದು ಇದೇ ಹೆಸರು. ಇನ್ನೂರು ಚಿಲ್ಲರೆ ಕಿಲೋಮೀಟರ್ ಅಂತರದ ಊರುಗಳ ಪೇಟೆಬೀದಿಗೆ ಒಂದೇ ಹೆಸರು ನಿಂತಿರುವುದು, ಸಂಖ್ಯೆ ಹುಟ್ಟುವ ಮೊದಲೇ ಈ ರಸ್ತೆ ಒಂದೇ ರಸ್ತೆಯಾಗಿ ಜನರ ಮನಸ್ಸಿನಲ್ಲಿತ್ತು ಎಂಬುದಕ್ಕೆ ಸಾಕ್ಷಿ. ಹಾಗೆಯೇ ಸೊಲ್ಲಾಪುರದಿಂದ ಮಂಗಳೂರಿನವರೆಗೆ ಹೋಗುತ್ತಿದ್ದ ಹಳೆಯ 13ನೇ ಹೆದ್ದಾರಿ 2010ರಲ್ಲಿ ತುಂಡಾಯಿತು. ಚಿತ್ರದುರ್ಗ–ಶಿವಮೊಗ್ಗ ಭಾಗ 369 ಆಯಿತು, ಶಿವಮೊಗ್ಗದಿಂದ ತೀರ್ಥಹಳ್ಳಿಯ ಮೇಲೆ ಮಂಗಳೂರಿಗೆ ಇಳಿಯುವ ಭಾಗ 169 ಆಯಿತು.

ಮೆಣಸಿನ ದಾರಿಗಳು

ಈ ಹೆದ್ದಾರಿಗಳ ಜಾಡು ಹೊಸದಲ್ಲ. ಕೆಳದಿ ಅರಸರ ಮೂರು ರಾಜಧಾನಿಗಳೂ ಇಲ್ಲಿಯವೇ. ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ, ಬಿದನೂರು ಇಂದಿನ ಹೊಸನಗರ ತಾಲ್ಲೂಕಿನ ನಗರ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಅವರ ಗಟ್ಟಿ ಕೋಟೆ. ಘಟ್ಟದ ಮೇಲಿನ ಮೆಣಸು, ಅಡಿಕೆ, ಅಕ್ಕಿ ಕೆಳಗಿಳಿದು ಹೊನ್ನಾವರ, ಭಟ್ಕಳ, ಬಸ್ರೂರು ಬಂದರುಗಳನ್ನು ಸೇರುತ್ತಿದ್ದವು. ಹಣ, ಕುದುರೆ, ಬಟ್ಟೆ ಮೇಲೆ ಬರುತ್ತಿದ್ದವು. ಘಟ್ಟದ ಬಾಗಿಲು ಯಾರ ಕೈಯಲ್ಲಿದೆಯೋ ರಾಜ್ಯದ ಬೊಕ್ಕಸ ಅವರ ಕೈಯಲ್ಲಿ ಎಂಬ ಸ್ಥಿತಿ. ಘಟ್ಟದ ಬುಡದ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ವ್ಯಾಪಾರದ ಬಲದಿಂದಲೇ.

1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ಡೆಲ್ಲಾ ವಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಬಂದ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆ, ಅಲ್ಲಿಂದ ಕಾಡಿನ ನಡುವೆ ಘಟ್ಟ ಹತ್ತಿ ಇಕ್ಕೇರಿ: ಅವನು ಬಂದ ದಾರಿ ಇದು. ಇಂದು ಹೊನ್ನಾವರದಿಂದ ಸಾಗರಕ್ಕೆ ಬರುವ 69ನೇ ಹೆದ್ದಾರಿ ಹೆಚ್ಚುಕಡಿಮೆ ಅದೇ ಕಣಿವೆಯನ್ನು ಹಿಡಿದು ಏರುತ್ತದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು ಹೈದರನಗರ ಎಂದು ಹೆಸರಿಟ್ಟ ಮೇಲೆ ಆ ಹೆಸರು ನಗರ ಎಂದು ಉಳಿಯಿತು. ಆಗಲೂ ಕರಾವಳಿಯ ಬಂದರುಗಳ ಮೇಲಿನ ಹಿಡಿತಕ್ಕೆ ಇಲ್ಲಿಂದ ಇಳಿಯುವ ಘಟ್ಟಗಳೇ ಆಧಾರ.

ಹೆದ್ದಾರಿ 69: ಸಾಗರದ ಬೆನ್ನೆಲುಬು

ಹೊನ್ನಾವರದಲ್ಲಿ 66ರಿಂದ ಕವಲೊಡೆದು ಆಂಧ್ರಪ್ರದೇಶದ ಚಿತ್ತೂರಿನವರೆಗೆ ಸಾಗುವ ಈ ಹೆದ್ದಾರಿ ಕರ್ನಾಟಕವನ್ನು ಅಡ್ಡಡ್ಡಲಾಗಿ ದಾಟುತ್ತದೆ. ಶಿವಮೊಗ್ಗ, ತರೀಕೆರೆ, ಕಡೂರು ದಾಟಿ ಬಾಣಾವರದ ಬಳಿ ಹಳೆಯ ದಾರಿಯನ್ನು ಬಿಟ್ಟು ಹುಳಿಯಾರು, ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಮುಳಬಾಗಿಲುಗಳ ಮೇಲೆ ಪೂರ್ವಕ್ಕೆ ಹೋಗುತ್ತದೆ. ಶಿವಮೊಗ್ಗದಿಂದ ಪಶ್ಚಿಮಕ್ಕೆ ಆಯನೂರು, ಕುಂಸಿ, ಚೋರಡಿ, ಆನಂದಪುರ ಹಾಯ್ದು ಸಾಗರಕ್ಕೆ ಬರುತ್ತದೆ. ಈ ದೂರ ಎಪ್ಪತ್ತು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಶಿವಮೊಗ್ಗ ಬಿಟ್ಟ ಸ್ವಲ್ಪ ಹೊತ್ತಿಗೆ ತ್ಯಾವರೆಕೊಪ್ಪದ ಸಿಂಹಧಾಮ ರಸ್ತೆಯ ಬದಿಯಲ್ಲೇ ಸಿಗುತ್ತದೆ. ಚೋರಡಿಯಲ್ಲಿ ಕುಮುದ್ವತಿ ದಾಟಿದ ಮೇಲೆ ಮಲೆನಾಡಿನ ಹಸಿರು ಗಾಢವಾಗುತ್ತದೆ.

ಶಿವಮೊಗ್ಗದಿಂದ ತಾಳಗುಪ್ಪದವರೆಗೆ ಹೆದ್ದಾರಿಗೆ ಜೋಡಿಯಾಗಿ ರೈಲು ಹಳಿಯೂ ಬರುತ್ತದೆ. ಮೀಟರ್ ಗೇಜ್ ಹಳಿ 2011ರಲ್ಲಿ ಬ್ರಾಡ್ ಗೇಜ್ ಆಯಿತು. ಆದರೆ ರೈಲು ತಾಳಗುಪ್ಪಕ್ಕೆ ನಿಂತಿದೆ, ಘಟ್ಟ ಇಳಿದಿಲ್ಲ. ತಾಳಗುಪ್ಪದಿಂದ ಮುಂದೆ ಜೋಗ ನೋಡಲು ಹೋಗುವವರಿಗೂ, ಹೊನ್ನಾವರದ ಮೀನು ಲಾರಿಗೂ ಇರುವುದು ರಸ್ತೆಯೊಂದೇ. ಜೋಗದ ಬಳಿಯ ಮಾವಿನಗುಂಡಿ ಉತ್ತರ ಕನ್ನಡ ಜಿಲ್ಲೆಯದು, ಆಮೇಲೆ ಮಲೆಮನೆ ಘಟ್ಟ, ಕೆಳಗೆ ಗೇರುಸೊಪ್ಪೆ. ಈ ಘಟ್ಟದ ಕಾಡು ಸಿಂಗಳೀಕಗಳ ನೆಲೆ. 2019ರಲ್ಲಿ ಘೋಷಣೆಯಾದ ಶರಾವತಿ ಸಿಂಗಳೀಕ ಅಭಯಾರಣ್ಯ ಈ ಕಣಿವೆಯನ್ನೇ ಒಳಗೊಂಡಿದೆ. ಸಿಂಗಳೀಕ ಮರದಿಂದ ಮರಕ್ಕೆ ನೆಗೆದು ಬದುಕುವ ಪ್ರಾಣಿ. ರಸ್ತೆಯ ಎರಡೂ ಬದಿಯ ಮರಗಳ ಕೊಂಬೆ ಮೇಲೆ ಕೂಡಿಕೊಂಡಿದ್ದರೆ ಅದು ದಾಟುತ್ತದೆ. ಕೊಂಬೆಗಳ ಕೂಡುವಿಕೆ ತಪ್ಪಿದರೆ ನೆಲಕ್ಕಿಳಿಯಬೇಕು, ಇಳಿದರೆ ಚಕ್ರದಡಿ ಸಿಗುತ್ತದೆ. ಇಲ್ಲಿ ರಸ್ತೆ ಎಷ್ಟು ಅಗಲವಾಗಬೇಕು ಎಂಬ ಪ್ರಶ್ನೆಗೆ ಎಂಜಿನಿಯರ್ ಒಬ್ಬರೇ ಉತ್ತರ ಕೊಡಲಾಗದು. ಇಕ್ಕೆಲದ ಮರಗಳ ತಲೆ ಕೂಡಿರುವಷ್ಟೇ ಅಗಲ ಸಾಕು ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಪೂರ್ವದಲ್ಲಿ ಚತುಷ್ಪಥ ಶಿವಮೊಗ್ಗದ ಹತ್ತಿರಕ್ಕೆ ಬಂದಿರುವಾಗ ಪಶ್ಚಿಮದಲ್ಲಿ ಅದೇ ಹೆದ್ದಾರಿ ಬಹುಪಾಲು ದ್ವಿಪಥ. ಸಂಖ್ಯೆ ಒಂದೇ ಆದರೂ ರಸ್ತೆ ಒಂದೇ ಅಲ್ಲ.

ಹಿನ್ನೀರು ತಡೆದ ದಾರಿ: 369ಇ

ಈ ತಾಲ್ಲೂಕುಗಳ ರಸ್ತೆಯ ಚರಿತ್ರೆಯಲ್ಲಿ ಘಟ್ಟಕ್ಕಿಂತ ದೊಡ್ಡ ಅಡ್ಡಿ ಮನುಷ್ಯ ಕಟ್ಟಿದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡು ಶರಾವತಿಯ ನೀರು ಹಿಂದಕ್ಕೆ ಹರಡಿತು. ಜಲಾಶಯದ ಪೂರ್ಣ ಮಟ್ಟ 1,819 ಅಡಿ, ಸಾಮರ್ಥ್ಯ ಸುಮಾರು 151 ಟಿಎಂಸಿ. ಅದಕ್ಕೂ ಹಿಂದೆ ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕಾಗಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಈ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದರ ಕಟ್ಟಡ ಮೇಲೆ ಕಾಣಿಸುತ್ತದೆ. ನಾಡಿಗೆಲ್ಲ ಬೆಳಕು ಕೊಟ್ಟ ಯೋಜನೆಗೆ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು, ತೋಟ ಗದ್ದೆಗಳು ಮುಳುಗಿದವು. ಮುಳುಗಡೆ ಎಂಬ ಮಾತು ಇಲ್ಲಿಯವರ ಬಾಯಲ್ಲಿ ಒಂದು ಕಾಲಮಾನದ ಹೆಸರೇ ಆಗಿಹೋಗಿದೆ.

ಮುಳುಗದೆ ಉಳಿದ ಕರೂರು, ಬಾರಂಗಿ ಹೋಬಳಿಗಳ ಜನ ತಾಲ್ಲೂಕು ಕೇಂದ್ರದಿಂದ ಕಡಿದುಹೋದರು. ತುಮರಿಯಿಂದ ಸಾಗರಕ್ಕೆ ಬರಬೇಕಾದರೆ ಕಳಸವಳ್ಳಿಯ ದಡದಲ್ಲಿ ಲಾಂಚ್ ಕಾಯಬೇಕಿತ್ತು, ಈಚೆ ಅಂಬಾರಗೋಡ್ಲುವಿನ ಹೊಳೆಬಾಗಿಲಿನಲ್ಲಿ ಇಳಿಯಬೇಕಿತ್ತು. ಇಲ್ಲದಿದ್ದರೆ ನಾಗೋಡಿ, ಹೊಸನಗರಗಳ ಕಡೆಯಿಂದ ದೊಡ್ಡ ಸುತ್ತು. ಲಾಂಚಿನ ಮೇಲೆ ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಶಾಲೆಯ ಮಕ್ಕಳು ಎಲ್ಲ ಒಟ್ಟಿಗೆ. ಚಾಲಕ ಗಾಡಿಯನ್ನು ಹಿಮ್ಮುಖವಾಗಿ ಹತ್ತಿಸಿ ಒಂದಕ್ಕೊಂದು ತಾಗುವಂತೆ ನಿಲ್ಲಿಸುತ್ತಿದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಕೆಸರಿನಲ್ಲಿ ಲಾಂಚ್ ತಾಗದೆ ವಾಹನಗಳನ್ನು ನಿಲ್ಲಿಸುತ್ತಿದ್ದರು, ಜನ ಮಾತ್ರ ದಾಟುತ್ತಿದ್ದರು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಬೆಳಗಿನವರೆಗೆ ಆ ದಡ ಆ ದಡವೇ. ಹೆರಿಗೆ ನೋವು ರಾತ್ರಿ ಬಂದರೆ, ಹಾವು ರಾತ್ರಿ ಕಚ್ಚಿದರೆ ಏನು ಮಾಡುವುದು ಎಂಬುದು ಮೂರು ತಲೆಮಾರಿನವರು ಕೇಳಿದ ಪ್ರಶ್ನೆ.

ಈ ದಾರಿ 369ಇ ರಾಷ್ಟ್ರೀಯ ಹೆದ್ದಾರಿ ಆದದ್ದರಿಂದಲೇ ಸೇತುವೆಗೆ ಕೇಂದ್ರದ ಹಣ ಬಂತು. ಸಾಗರದಲ್ಲಿ 69ರಿಂದ ಹೊರಟು ಅಂಬಾರಗೋಡ್ಲು, ಕಳಸವಳ್ಳಿ, ತುಮರಿಗಳ ಮೇಲೆ ಮರಕುಟಿಕದ ಬಳಿ 766ಸಿ ಸೇರುವ ಹೆದ್ದಾರಿ ಇದು. 2018ರಲ್ಲಿ ಶಂಕುಸ್ಥಾಪನೆಯಾಯಿತು. ಕೇಬಲ್‌ಗಳ ಆಧಾರದ, ಸುಮಾರು 2.4 ಕಿ.ಮೀ. ಉದ್ದದ ಸೇತುವೆ 470 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ಮುಗಿದು 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರಿಂದ ಉದ್ಘಾಟನೆಯಾಯಿತು. ಸಿಗಂದೂರು ಚೌಡೇಶ್ವರಿಯ ಹೆಸರನ್ನು ಅದಕ್ಕಿಟ್ಟರು. ಅಣೆಕಟ್ಟೆ ಮುಗಿದ ವರ್ಷದಿಂದ ಲೆಕ್ಕ ಹಾಕಿದರೆ 61 ವರ್ಷ. ಉದ್ಘಾಟನೆಯ ಸುದ್ದಿಯಲ್ಲಿ ಸಿಗಂದೂರಿಗೆ, ಕೊಲ್ಲೂರಿಗೆ ಹೋಗುವ ಭಕ್ತರ ಅನುಕೂಲ ಹೆಚ್ಚಾಗಿ ಮೆರೆಯಿತು. ಅದು ನಿಜವೇ. ಆದರೆ ಸೇತುವೆ ಮೊದಲು ಸಲ್ಲಬೇಕಾದದ್ದು ಯಾತ್ರಿಕರಿಗಲ್ಲ, ಭೂಮಿ ಬಿಟ್ಟುಕೊಟ್ಟು ಆರು ದಶಕ ಲಾಂಚಿನ ಸೀಟಿಗೆ ಕಿವಿಗೊಟ್ಟು ಬದುಕಿದ ಕರೂರು ಹೋಬಳಿಯವರಿಗೆ. ಈ ಜಾಲದಲ್ಲಿ ತಡವಾಗಿ ತೀರಿದ ಋಣ ಎಂದರೆ ಇದು. ಹಿನ್ನೀರಿನ ಇತರ ಕಡವುಗಳಾದ ಹಸಿರುಮಕ್ಕಿ, ಮುಪ್ಪಾನೆಗಳ ಜನರೂ ಇದೇ ಲಾಂಚಿನ ಬದುಕನ್ನು ಕಂಡವರು.

ಹೊಸನಗರದ 766ಸಿ

ಬೈಂದೂರಿನಲ್ಲಿ ಕರಾವಳಿಯ 66ರಿಂದ ಹೊರಟು ಕೊಲ್ಲೂರು, ನಾಗೋಡಿ, ನಿಟ್ಟೂರು, ಸಂಪೇಕಟ್ಟೆ, ನಗರ, ಹೊಸನಗರ, ಬಟ್ಟೆಮಲ್ಲಪ್ಪ, ಆನಂದಪುರ, ಶಿಕಾರಿಪುರ, ಮಾಸೂರುಗಳ ಮೇಲೆ ರಾಣೆಬೆನ್ನೂರಿನಲ್ಲಿ 48 ಸೇರುವ ಹೆದ್ದಾರಿ ಇದು. ಕರಾವಳಿ ಹೆದ್ದಾರಿಗೂ ಬೆಂಗಳೂರು–ಪುಣೆ ಹೆದ್ದಾರಿಗೂ ನಡುವೆ ಕಟ್ಟಿದ ಅಡ್ಡದಾರಿ ಎನ್ನಬಹುದು. ಸಾಗರ ತಾಲ್ಲೂಕಿನ ಆನಂದಪುರದಲ್ಲಿ ಇದೂ 69ನೂ ಸಂಧಿಸುತ್ತವೆ. ಅಡಿಕೆ ಸೀಮೆಯ ಈ ಸಣ್ಣ ಊರು ಎರಡು ರಾಷ್ಟ್ರೀಯ ಹೆದ್ದಾರಿಗಳ ಕೂಡುದಾರಿಯಾಗಿದೆ.

ಕೊಲ್ಲೂರು ಘಟ್ಟದ ಕೆಳಭಾಗ ಮೂಕಾಂಬಿಕಾ ಅಭಯಾರಣ್ಯದ ಕಾಡು, ಮೇಲ್ಭಾಗದಲ್ಲಿ 1,343 ಮೀಟರ್ ಎತ್ತರದ ಕೊಡಚಾದ್ರಿ. ರಸ್ತೆ ನಗರದ ಕೋಟೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಒಂದು ಕಾಲಕ್ಕೆ ಕರಾವಳಿಯನ್ನು ಆಳಿದ ಬಿದನೂರು ಇಂದು ಹೆದ್ದಾರಿ ಬದಿಯ ಹೋಬಳಿ ಊರು. ತಾಲ್ಲೂಕು ಕೇಂದ್ರ ಅಲ್ಲಿಂದ ಕಲ್ಲೂರುಕಟ್ಟೆಗೆ ಬಂದ ಮೇಲೆ ಹೊಸ ಊರಿಗೆ ಹೊಸನಗರ ಎಂಬ ಹೆಸರಾಯಿತು. ಇಲ್ಲಿಯೂ ಹಿನ್ನೀರಿನ ಕಾಟ ತಪ್ಪಿದ್ದಲ್ಲ. ನೀರಿನ ಬೆರಳುಗಳು ಕಣಿವೆ ಕಣಿವೆಗೂ ಚಾಚಿರುವುದರಿಂದ ರಸ್ತೆ ಸುತ್ತಿ ಬಳಸಿ ಹೋಗುತ್ತದೆ. ಹಿನ್ನೀರನ್ನು ಸೇತುವೆಗಳ ಮೇಲೆ ದಾಟಿ ಹೊಸನಗರದ ಬಳಿ ಈ ಸುತ್ತು ತಪ್ಪಿಸುವ ಬೈಪಾಸ್ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡಿದೆ. ಇದೇ ಹೆದ್ದಾರಿಯಲ್ಲಿ ಶಿಕಾರಿಪುರ ಬೈಪಾಸಿಗೆ 2023ರ ಫೆಬ್ರುವರಿ 27ರಂದು, ಶಿವಮೊಗ್ಗ ವಿಮಾನ ನಿಲ್ದಾಣದ ಉದ್ಘಾಟನೆಯ ದಿನವೇ, ಪ್ರಧಾನಿ ಶಂಕುಸ್ಥಾಪನೆ ಮಾಡಿದರು.

ತೀರ್ಥಹಳ್ಳಿಯ ಎರಡು ಇಳಿಜಾರುಗಳು

169 ಶಿವಮೊಗ್ಗದಿಂದ ತುಂಗೆಯ ಜೊತೆಜೊತೆಗೆ ಮೇಲಕ್ಕೆ ಹೋಗುತ್ತದೆ. ಗಾಜನೂರು ಅಣೆಕಟ್ಟೆ, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಪಕ್ಷಿಧಾಮ ಎಲ್ಲವೂ ಈ ರಸ್ತೆಯ ಬದಿಯವು. ಮಂಡಗದ್ದೆಯಲ್ಲಿ ಬಸ್ಸಿನ ಕಿಟಕಿಯಿಂದಲೇ ಹೊಳೆ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡುಕಟ್ಟಿರುವುದು ಕಾಣುತ್ತದೆ. ಸುಮಾರು 60 ಕಿ.ಮೀ. ಸಾಗಿ ತೀರ್ಥಹಳ್ಳಿ. ಕಮಾನು ಸೇತುವೆಯ ಮೇಲೆ ತುಂಗೆ ದಾಟಿದ ಮೇಲೆ ಊರಿನ ಪೇಟೆ. ಎಳ್ಳಮಾವಾಸ್ಯೆಯ ಜಾತ್ರೆಯ ದಿನಗಳಲ್ಲಿ ಹೆದ್ದಾರಿಯ ವಾಹನಗಳೂ ರಾಮೇಶ್ವರನ ಭಕ್ತರೂ ಒಂದೇ ಬೀದಿಯಲ್ಲಿ ನೆರೆಯುತ್ತಿದ್ದ ಊರಿಗೆ ಈಚೆಗೆ ಬಾಳೇಬೈಲು–ಕುರುವಳ್ಳಿ ಬೈಪಾಸ್ ಬಂತು. ಶಿವಮೊಗ್ಗ ದಾರಿಯ ಭಾರತೀಪುರದ ಸೇತುವೆಯೂ ಆಗುಂಬೆ ದಾರಿಯ ಮೇಗರವಳ್ಳಿ–ಆಗುಂಬೆ ಅಗಲೀಕರಣವೂ ಮೇಲೆ ಹೇಳಿದ 2023ರ ಶಂಕುಸ್ಥಾಪನೆಗಳಲ್ಲಿಯೇ ಸೇರಿದ್ದವು.

ತೀರ್ಥಹಳ್ಳಿಯಿಂದ ದಾರಿ ಎರಡಾಗುತ್ತದೆ. 169 ಕೊಪ್ಪ ತಾಲ್ಲೂಕನ್ನು ಹಾಯ್ದು ಶೃಂಗೇರಿ, ಅಲ್ಲಿಂದ ಕೆರೆಕಟ್ಟೆಯ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ ಇಳಿದು ಮಾಳ, ಕಾರ್ಕಳ, ಮೂಡುಬಿದಿರೆ, ಮಂಗಳೂರು ಸೇರುತ್ತದೆ. ಇದೇ ಹೆದ್ದಾರಿಯ ಕೆಳತುದಿಯಲ್ಲಿ ಸಾಣೂರಿನಿಂದ ಮಂಗಳೂರಿನ ಬಿಕರ್ನಕಟ್ಟೆಯವರೆಗೆ ಸುಮಾರು 45 ಕಿ.ಮೀ. ಚತುಷ್ಪಥದ ಕೆಲಸ ನಡೆದಿದೆ. ಮೇಲ್ತುದಿಯಲ್ಲಿ ಎದುರಿನ ಬಸ್ಸಿಗೆ ದಾರಿ ಕೊಡಲು ಚಾಲಕ ಚಕ್ರವನ್ನು ಮಣ್ಣಿಗಿಳಿಸುವ ತಿರುವುಗಳಿವೆ.

169ಎ ತೀರ್ಥಹಳ್ಳಿಯಿಂದ ಮೇಗರವಳ್ಳಿ, ಆಗುಂಬೆ, ಹೆಬ್ರಿ, ಹಿರಿಯಡಕ, ಮಣಿಪಾಲ, ಉಡುಪಿಗಳ ಮೇಲೆ ಮಲ್ಪೆ ಬಂದರಿಗೆ ಹೋಗುತ್ತದೆ. ಇದರ ಹೃದಯ ಆಗುಂಬೆ ಘಾಟಿ. ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಒಂದರ ಮೇಲೊಂದು ಬರುವ 14 ಸುತ್ತು ತಿರುವು, ಕೆಳಗೆ ಸೋಮೇಶ್ವರ ಅಭಯಾರಣ್ಯದ ಕಾಡು. ರಾಷ್ಟ್ರೀಯ ಹೆದ್ದಾರಿಯ ದ್ವಿಪಥಕ್ಕೆ 7 ಮೀಟರ್ ಡಾಂಬರು, ಎರಡೂ ಬದಿಯ ಗಟ್ಟಿ ಅಂಚು ಸೇರಿದರೆ 10 ಮೀಟರ್ ಅಗಲ ಇರಬೇಕೆಂಬುದು ನಿಯಮ. ಆಗುಂಬೆಯ ತಿರುವಿನಲ್ಲಿ ಮಿನಿಬಸ್ಸು ಹೊರಳುವಾಗ ಎದುರಿನ ಕಾರು ಹಿಂದೆ ಸರಿದು ನಿಂತಿರಬೇಕು. ಬಸ್ಸಿನ ಮೂತಿ ಕಂದಕದ ಕಡೆಯ ಗೋಡೆಯಾಚೆ ಚಾಚಿ, ಹಿಂಭಾಗ ಧರೆಗೆ ತಾಗುವಷ್ಟು ಹತ್ತಿರ ಬಂದು, ಮತ್ತೆ ನೇರವಾಗುತ್ತದೆ. ಚಾಲಕರು ಹಾರ್ನ್ ಕೇಳಿಯೇ ಎದುರಿನ ಗಾಡಿ ಯಾವುದೆಂದು ಹೇಳಬಲ್ಲರು. ಇಲ್ಲಿ ಭಾರೀ ವಾಹನಗಳಿಗೆ ಅವಕಾಶವಿಲ್ಲ. ಮಳೆಗಾಲದಲ್ಲಿ ಜಿಲ್ಲಾಡಳಿತ ಪ್ರತ್ಯೇಕ ನಿಷೇಧದ ಆದೇಶವನ್ನೂ ಹೊರಡಿಸುತ್ತದೆ. 2022ರ ಜುಲೈಯಲ್ಲಿ ಕುಸಿತವಾಗಿ ಘಾಟಿಯನ್ನೇ ಮುಚ್ಚಬೇಕಾಯಿತು.

ಕುಸಿತದ ಕಾರಣ ಮಣ್ಣಿನಲ್ಲಿದೆ. ಮಲೆನಾಡಿನ ಗುಡ್ಡಗಳ ಮೇಲ್ಪದರ ಜಂಬಿಟ್ಟಿಗೆ, ಅದರ ಕೆಳಗೆ ಬಿಳಿಯ ಅಥವಾ ನಸುಗೆಂಪಿನ ಶೇಡಿಮಣ್ಣು. ಜಂಬಿಟ್ಟಿಗೆ ನೀರನ್ನು ಒಳಗೆ ಬಿಡುತ್ತದೆ, ಶೇಡಿ ಹಿಡಿದುಕೊಂಡು ಮೆತ್ತಗಾಗುತ್ತದೆ. ರಸ್ತೆ ಅಗಲ ಮಾಡಲು ಧರೆಯನ್ನು ಕಡಿದಾಗಿ ಕೊರೆದರೆ ಈ ಶೇಡಿಪದರ ಬಯಲಾಗುತ್ತದೆ, ಆಷಾಢದ ಒಂದೆರಡು ದಿನದ ಜಡಿಮಳೆಗೆ ಮೇಲಿನ ಮರ ಬಂಡೆ ಸಮೇತ ಜಾರುತ್ತದೆ. ಬೇಕಾದದ್ದು ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಧರೆ, ಅದರ ತಲೆಯ ಮೇಲೆ ನೀರು ತಿರುಗಿಸುವ ಕಾಲುವೆ, ಎಲೆ ಕಸಕ್ಕೆ ಕಟ್ಟದಷ್ಟು ದೊಡ್ಡ ಮೋರಿ. ಮಳೆಗೆ ಮುಂಚೆ ಚರಂಡಿ ಬಿಡಿಸುವ ಕೆಲಸ ಅಗ್ಗದ್ದು. ತಡೆಗೋಡೆ ಕಟ್ಟುವುದು ದುಬಾರಿ, ಕುಸಿದ ಗೋಡೆಯನ್ನು ಮತ್ತೆ ಕಟ್ಟುವುದು ಇನ್ನೂ ದುಬಾರಿ. ಅಡಿಕೆ ತೋಟದವರು ಕಪ್ಪು, ಅಂದರೆ ತೋಟದ ಬಸಿಗಾಲುವೆ, ಬಿಡಿಸದೆ ಮಳೆಗಾಲಕ್ಕೆ ಕಾಲಿಡುವುದಿಲ್ಲ. ಹೆದ್ದಾರಿಗೂ ಅದೇ ಶಿಸ್ತು ಬೇಕು. ಆಗುಂಬೆಗೆ ಸುರಂಗ ಕೊರೆಯುವ ಪ್ರಸ್ತಾವ ಆಗಾಗ ತಲೆಯೆತ್ತುತ್ತದೆ. ಕಾಳಿಂಗ ಸರ್ಪದ ಅಧ್ಯಯನಕ್ಕೆಂದೇ 2005ರಲ್ಲಿ ರೊಮುಲಸ್ ವಿಟೇಕರ್ ಸಂಶೋಧನಾ ಕೇಂದ್ರ ತೆರೆದ ಕಾಡು ಇದು, ಎಂಬುದನ್ನೂ ಆ ಚರ್ಚೆ ಮರೆಯಬಾರದು.

ಈ ಘಾಟಿ ಮುಚ್ಚಿದರೆ ಆಗುವ ತೊಂದರೆ ಪ್ರವಾಸಿಗರದ್ದಲ್ಲ. ತೀರ್ಥಹಳ್ಳಿ, ಹೊಸನಗರದ ಮನೆಗಳಲ್ಲಿ ಕಾಯಿಲೆ ಕೈಮೀರಿದಾಗ ಬರುವ ಮಾತು, ಮಣಿಪಾಲಕ್ಕೆ ಕರೆದುಕೊಂಡು ಹೋಗೋಣ ಎಂಬುದು. ಆಂಬುಲೆನ್ಸ್ ಇಳಿಯುವುದು ಇದೇ ತಿರುವುಗಳಲ್ಲಿ. ಬೆಳಗಿನ ಜಾವ ಮಲ್ಪೆಯ ಮೀನು ಹತ್ತಿ ಬರುವುದೂ, ಮಂಗಳೂರು, ಉಡುಪಿಯಲ್ಲಿ ಓದುವ ಮಕ್ಕಳು ಶನಿವಾರ ಊರಿಗೆ ಬರುವುದೂ ಇಲ್ಲಿಂದಲೇ.

ಜಾಲದ ಕೊರತೆಗಳು

ನಕ್ಷೆಯ ಮೇಲೆ ಐದು ಹೆದ್ದಾರಿಗಳನ್ನು ಒಟ್ಟಿಗೆ ನೋಡಿದರೆ ಎರಡು ಕೊರತೆ ಎದ್ದು ಕಾಣುತ್ತವೆ. ಎಲ್ಲ ಹೆದ್ದಾರಿಗಳೂ ಸಮುದ್ರದ ಕಡೆಗೆ ಮುಖ ಮಾಡಿವೆ, ಅಕ್ಕಪಕ್ಕದ ತಾಲ್ಲೂಕುಗಳನ್ನು ಜೋಡಿಸುವುದು ಕಡಿಮೆ. ಹೊಸನಗರದಿಂದ ತೀರ್ಥಹಳ್ಳಿಗೆ ರಾಷ್ಟ್ರೀಯ ಹೆದ್ದಾರಿ ಇಲ್ಲ. ಎರಡೂ ಕಡೆ ಅಡಿಕೆ ಬೆಳೆಗಾರರೇ ಇದ್ದು, ನೆಂಟಸ್ತಿಕೆಯೂ ವ್ಯಾಪಾರವೂ ದಟ್ಟವಾಗಿದ್ದರೂ ನಡುವಿನ ರಸ್ತೆಗಳು ರಾಜ್ಯದ, ಜಿಲ್ಲೆಯ ಪಾಲಿಗೆ ಬಿಟ್ಟಂಥವು. ಹಳ್ಳಿಗಳ ಒಳದಾರಿಯ ಮಾತಂತೂ ಬೇರೆಯೇ. ಖಾಸಗಿ ಬಸ್ಸುಗಳೇ ಈ ಸೀಮೆಯ ಜೀವನಾಡಿ. ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಬಸ್ಸುಗಳು ಮಲೆನಾಡಿನ ಮೂಲೆ ಮೂಲೆಗೆ ಓಡಿ 2020ರಲ್ಲಿ ನಿಂತುಹೋದವು. ಒಳದಾರಿಯ ಹಳ್ಳಿಗಳಿಗೆ ಆ ನಷ್ಟ ಇನ್ನೂ ತುಂಬಿಲ್ಲ.

ಎರಡನೆಯದು ಬಾಳೆಬರೆ ಘಾಟಿ. ಹುಲಿಕಲ್ ಘಾಟಿ ಎಂದೂ ಕರೆಯುವ ಈ ದಾರಿ ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯಿಂದ ಹೊಸಂಗಡಿಗೆ ಇಳಿದು ಸಿದ್ದಾಪುರ, ಕುಂದಾಪುರ ಸೇರುತ್ತದೆ. ಮಾಣಿ ಅಣೆಕಟ್ಟೆ, ವಾರಾಹಿಯ ಭೂಗತ ವಿದ್ಯುದಾಗಾರ ಎಲ್ಲ ಇದೇ ಮಗ್ಗುಲಲ್ಲಿವೆ. ಮಳೆಯಲ್ಲಿ ಹುಲಿಕಲ್ ಆಗುಂಬೆಗೆ ಸರಿಸಾಟಿ. ಆಗುಂಬೆಯಲ್ಲಿ ಭಾರೀ ವಾಹನ ನಿಷೇಧಿಸುವ ಆದೇಶಗಳನ್ನು ಓದಿದರೆ, ಉಡುಪಿಯಿಂದ ತೀರ್ಥಹಳ್ಳಿಗೆ ಹೋಗುವ ಲಾರಿಗಳು ಸಿದ್ದಾಪುರ, ಹೊಸಂಗಡಿ, ಹುಲಿಕಲ್, ಮಾಸ್ತಿಕಟ್ಟೆಗಳ ಮೇಲೆ ಹೋಗಬೇಕೆಂದು ಅವುಗಳಲ್ಲಿ ಬರೆದಿರುತ್ತದೆ. ಅಂದರೆ ರಾಷ್ಟ್ರೀಯ ಹೆದ್ದಾರಿ ಹೊರಲಾರದ ಭಾರವನ್ನು ವರ್ಷವರ್ಷವೂ ಹೊರುತ್ತಿರುವುದು ಒಂದು ರಾಜ್ಯ ಹೆದ್ದಾರಿ. ಅದು ಕುಸಿದಾಗ ದುರಸ್ತಿಯ ಹಣಕ್ಕೆ ರಾಜ್ಯದ ಬಜೆಟ್ಟನ್ನು ಕಾಯಬೇಕು. ಮಲೆನಾಡಿನಲ್ಲಿ ಇನ್ನೊಂದು ರಸ್ತೆಗೆ ರಾಷ್ಟ್ರೀಯ ಸಂಖ್ಯೆ ಕೊಡುವುದಾದರೆ, ಮೊದಲು ಕೊಡಬೇಕಾದದ್ದು ಬಾಳೆಬರೆಗೆ. ಅಗಲ ಮಾಡುವುದಕ್ಕಲ್ಲ, ಧರೆ ಚರಂಡಿಗಳನ್ನು ಸರಿಯಾಗಿಟ್ಟು ಹನ್ನೆರಡು ತಿಂಗಳೂ ತೆರೆದಿಡುವುದಕ್ಕೆ.